ಡೌರೊ ಕಣಿವೆಗೆ ಹೋಗುವ ಮೊದಲು

ಉಡುಪಿ

ಚಿರಂಜೀವಿ ವಸುಧಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಸೆಪ್ಟೆಂಬರ್ ಕೊನೆಯ ರಜೆಯಲ್ಲಿ ಒಂದೇ ಓಟಕ್ಕೆ ಐದು ರಾಜಧಾನಿಗಳನ್ನು ನೋಡಿ ಮುಗಿಸುವ ಯೋಚನೆ ನಿನಗಿದೆಯೆಂದು ನಿನ್ನ ಅಪ್ಪ ಹೇಳಿದ. ಅವುಗಳಲ್ಲಿ ಮೂರನ್ನು ಕೈಬಿಟ್ಟು, ಉತ್ತರ ಪೋರ್ಚುಗಲ್ಲಿನ ಡೌರೊ ನದಿಯ ಕಣಿವೆಯಲ್ಲಿ ಕೆಲವು ದಿನ ನಿಲ್ಲು ಎಂಬುದು ಹೋಗಿ ಬಂದ ನನ್ನ ಸಲಹೆ. ದ್ರಾಕ್ಷಾರಸದ ಊರಿಗೆ ದೊಡ್ಡಪ್ಪನೇ ಹುಡುಗಿಯನ್ನು ಕಳುಹಿಸುತ್ತಿದ್ದಾನೆ ಎಂದು ಮನೆಯಲ್ಲಿ ನಗುವವರಿದ್ದಾರೆ, ನಗಲಿ.

ಘಟ್ಟದ ಕೆಳಗೆ ಹುಟ್ಟಿದ ನಿನಗೆ ಆ ನೆಲದ ಗುಟ್ಟು ಬೇಗ ತಿಳಿಯುತ್ತದೆ. ಕಡಲಿನ ಮೋಡಗಳನ್ನು ಸಹ್ಯಾದ್ರಿ ತಡೆದು ನಮ್ಮ ಕಡೆಗೇ ಮಳೆ ಸುರಿಸಿ, ಕಡೂರಿನ ಬಯಲನ್ನು ಒಣಗಲು ಬಿಡುವ ಹಾಗೆಯೇ, ಅಟ್ಲಾಂಟಿಕ್ ಸಾಗರದ ತೇವದ ಗಾಳಿಯನ್ನು ಮರಾಂವ್ ಬೆಟ್ಟಸಾಲು ತಡೆಯುವುದರಿಂದ ಕಣಿವೆಯ ಒಳಭಾಗದ ಪಾಲಿಗೆ ಬಂದದ್ದು ಬಿಸಿಲು. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಎಂದು ಅಲ್ಲಿಯವರೇ ಹೇಳಿಕೊಳ್ಳುತ್ತಾರೆ. ನಿನ್ನ ರಜೆ ಬೀಳುವ ಹೊತ್ತಿಗೆ ಆ ಉರಿ ಇಳಿದು ಕೊಯ್ಲು ನಡೆಯುತ್ತಿರುತ್ತದೆ.

ಬಾಟಲಿಗಿಂತ ಮೊದಲು ಪಾಗಾರಗಳನ್ನು ನೋಡು. ಆ ಕಡಿದಾದ ಗುಡ್ಡಗಳಲ್ಲಿ ಮಣ್ಣೆಂಬುದು ಹೆಸರಿಗಷ್ಟೇ. ಪದರು ಪದರಾಗಿ ಸೀಳುವ ಶಿಸ್ಟ್ ಕಲ್ಲನ್ನು ಒಡೆದು, ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲಿಟ್ಟು, ಹಂತಹಂತವಾಗಿ ಗೋಡೆಗಳನ್ನೆಬ್ಬಿಸಿ ಅವುಗಳ ಹಿಂದೆ ಬಳ್ಳಿ ನೆಟ್ಟವರು ಹೆಸರುಳಿಯದ ಕೂಲಿಯಾಳುಗಳು. ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂಬ ಬಿರುದು ಪಡೆದ ಪೋರ್ಚುಗಲ್ಲಿನ ಮಂತ್ರಿ 1756ರಲ್ಲಿ ಈ ದ್ರಾಕ್ಷಾರಸದ ಸೀಮೆಗೆ ಗಡಿ ಹಾಕಿಸಿದ. ನೆಡಿಸಿದ ಗ್ರಾನೈಟ್ ಗಡಿಗಲ್ಲುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ನಡುನಡುವೆ ಪಾಳುಬಿದ್ದ ಹಂತಗಳೂ ಕಾಣಿಸುತ್ತವೆ. 19ನೆಯ ಶತಮಾನದಲ್ಲಿ ಫಿಲಾಕ್ಸೆರ ಎಂಬ ಕೀಟ ಬೇರು ಹೀರಿ ಬಳ್ಳಿಗಳನ್ನು ಕೊಂದಾಗ ಜನ ಬಿಟ್ಟುಹೋದ ತೋಟಗಳವು. ಉಳಿದವರು ಆ ಕೀಟಕ್ಕೆ ಬಗ್ಗದ ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿ ಬೇಸಾಯ ಮುಂದುವರಿಸಿದರು. 2001ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನ ಮಟ್ಟಿಗೆ ಆ ಗೌರವ ಸಲ್ಲಬೇಕಾದದ್ದು ಗೋಡೆ ಕಟ್ಟಿದವರಿಗೆ.

ಪೋರ್ಟೊ ನಗರದ ಸಾಂವ್ ಬೆಂತು ನಿಲ್ದಾಣದಿಂದ ಕಣಿವೆಯ ಪಿನ್ಯಾಂವ್ ಊರಿಗೆ ರೈಲಿನಲ್ಲೇ ಹೋಗು. ಹೋಗುವಾಗ ಬಲಗಡೆಯ ಕಿಟಕಿ ಹಿಡಿ, ನದಿ ಅತ್ತ ಕಡೆಗೇ ಬರುತ್ತದೆ. ಪಿನ್ಯಾಂವ್ ನಿಲ್ದಾಣದ ಗೋಡೆಯ ನೀಲಿ ಹೆಂಚುಚಿತ್ರಗಳಲ್ಲಿ ಕೊಯ್ಲಿನ ಕೆಲಸವೆಲ್ಲ ಇದೆ. ಕೆಲವು ತೋಟಗಳಲ್ಲಿ ಈಗಲೂ ಹಣ್ಣನ್ನು ಕಾಲಿನಿಂದಲೇ ತುಳಿಯುತ್ತಾರೆ. ಗ್ರಾನೈಟ್ ತೊಟ್ಟಿಯೊಳಗೆ ತೋಳಿಗೆ ತೋಳು ಹೆಣೆದು ಸಾಲಾಗಿ ನಿಂತವರು, ಒಬ್ಬನು ಕೂಗುವ ಎಡ, ಬಲ ಎಂಬ ಲೆಕ್ಕಕ್ಕೆ ನಿಧಾನವಾಗಿ ಹೆಜ್ಜೆ ಎತ್ತಿಡುತ್ತಾರೆ. ಬರಿಗಾಲಿಗೆ ಬೀಜ ಒಡೆಯುವುದಿಲ್ಲ, ಕಹಿ ಇಳಿಯುವುದಿಲ್ಲ.

ರುಚಿ ನೋಡುವುದು, ಬಿಡುವುದು ನಿನ್ನ ಇಷ್ಟ. ನೋಡುವುದಾದರೆ ಪೋರ್ಟ್ ವೈನಿನ ಸಿಹಿಗೆ ಮೋಸಹೋಗಬೇಡ. ಹುದುಗುವಿಕೆಯನ್ನು ಅರ್ಧದಲ್ಲೇ ನಿಲ್ಲಿಸಲು ದ್ರಾಕ್ಷಿಯ ಸ್ಪಿರಿಟ್ ಬೆರೆಸುವುದರಿಂದ ಅದು ಸಾಧಾರಣ ವೈನಿಗಿಂತ ಬಲವಾದದ್ದು. ಕೇಳದೆ ಯಾರ ತೋಟಕ್ಕೂ ಕಾಲಿಡಬೇಡ. ಕೊಯ್ಲಿನ ಕಾಲದಲ್ಲಿ ಕೋಣೆ ಸಿಗುವುದು ಕಷ್ಟ, ಈಗಲೇ ಕಾದಿರಿಸಿ ನಿನ್ನ ಅಪ್ಪನಿಗೊಂದು ಮಾತು ತಿಳಿಸು.

ಇತಿ,
ನಿನ್ನ ದೊಡ್ಡಪ್ಪ