ಶಾಸಕರೇ, ಕಸದ ಗಾಡಿಯ ಮೈಕನ್ನು ಎರಡು ನಿಮಿಷ ಕೊಡಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ, ಮಂಡ್ಯ ಜಿಲ್ಲೆಯ ಮತದಾರನೊಬ್ಬನ ನಮಸ್ಕಾರ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಕೊಟ್ಟ ಅರ್ಜಿಗಳನ್ನು ತಮ್ಮ ಕಚೇರಿಯಲ್ಲಿ ಯಾರೂ ಎರಡನೇ ಸಾಲಿನಾಚೆ ಓದಿದಂತೆ ಕಾಣಲಿಲ್ಲ. ಪ್ರತಿ ಪಂಚಾಯಿತಿಯ ಕಸದ ಗಾಡಿಯ ಮೈಕಿನಲ್ಲಿ ದಿನಕ್ಕೆ ಎರಡು ನಿಮಿಷ ಬಾಯಿ ಕ್ಯಾನ್ಸರ್ ಬಗ್ಗೆ ಹೇಳಿಸಿ. ಹೇಳಿಸಿದ ವಾರವೇ ಆ ಊರಿನವರ ಬಾಯಿ ಪರೀಕ್ಷೆ ಮಾಡಿಸಿ.

ನನ್ನ ಅವ್ವ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿದವಳು. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ ಸೆರಗಿನ ಗಂಟಿನಲ್ಲಿ ಇದ್ದೇ ಇರುತ್ತಿದ್ದವು. ಹಸಿವು ತಡೆಯುತ್ತದೆ, ಹಲ್ಲುನೋವು ತಗ್ಗುತ್ತದೆ ಎಂಬ ನಂಬಿಕೆ. ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಾಗ ಸುಣ್ಣ ಸುಟ್ಟಿದೆ ಎಂದರು. ಖಾರ ತಾಗಿದರೆ ಉರಿ ಎಂದಾಗ ಉಷ್ಣ ಎಂದರು. ಬಾಯಿ ಅಗಲಿಸಲಾಗದೆ ಮುದ್ದೆಯ ತುತ್ತು ದಿನೇ ದಿನೇ ಸಣ್ಣದಾಯಿತು. ಕುತ್ತಿಗೆಯಲ್ಲಿ ಗಂಟು ಕಾಣಿಸಿದ ಮೇಲೆ ಕ್ಯಾನ್ಸರ್ ಎಂದರು. ದವಡೆಯ ಒಂದು ಭಾಗ ತೆಗೆದು, ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಮೂಗಿನ ಕೊಳವೆಯಲ್ಲಿ ರಾಗಿ ಗಂಜಿ. ಆಮೇಲೆ ವಾರಕ್ಕೆ ಐದು ದಿನ ವಿಕಿರಣ ಚಿಕಿತ್ಸೆಗೆ ಬಸ್ ಪ್ರಯಾಣ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ನಿಜ, ಅದಿಲ್ಲದಿದ್ದರೆ ನಾವು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಆದರೆ ತಪ್ಪಿದ ಕೂಲಿ, ಊಟ, ಉಳಿಯುವ ಕೋಣೆಯ ಬಾಡಿಗೆ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಹಸುಗಳನ್ನು ಮಾರಿದೆವು. ನಾವು ಹೋಗುತ್ತಿದ್ದ ಬಸ್ಸಿನ ಬೆನ್ನ ಮೇಲೆ ನಟನೊಬ್ಬ ಏಲಕ್ಕಿ ಬಾಯಿಗೆ ಹಾಕಿಕೊಂಡು ನಗುತ್ತಿದ್ದ. ಆ ಏಲಕ್ಕಿಗೆ ಯಾವ ಪಾನ್ ಮಸಾಲೆಯ ಹೆಸರಿದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅವ್ವ ಈಗ ಇಲ್ಲ.

ಕಾನೂನು ತಮಗೆ ಗೊತ್ತಿಲ್ಲದ್ದೇನಲ್ಲ. 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು, ಅಂಗಡಿಯವರು ಮಸಾಲೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಕೊಟ್ಟು ಕೈ ತೊಳೆದುಕೊಂಡರು. ಪ್ಯಾಕೆಟ್ಟಿನ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಇರಬೇಕಂತೆ. ಸಂತೆಯಲ್ಲಿ ಹಳೆ ಪೇಪರಿನಲ್ಲಿ ಸುತ್ತಿಕೊಡುವ ಹೊಗೆಸೊಪ್ಪಿಗೆ ಯಾವ ಎಚ್ಚರಿಕೆ? 2012ರಿಂದ ಚಿತ್ರಮಂದಿರಗಳಲ್ಲಿ ತಂಬಾಕಿನ ಬಗ್ಗೆ ತುಣುಕು ತೋರಿಸುತ್ತಾರೆ. ನನ್ನ ಅವ್ವ ಕೊನೆಯ ಸಿನಿಮಾ ನೋಡಿದ್ದು ಟೆಂಟಿನಲ್ಲಿ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿತು. ಅದನ್ನು ವೇದಿಕೆಯಲ್ಲಿ ಹೇಳುವ ಧೈರ್ಯ ಯಾವ ಪಕ್ಷಕ್ಕಿದೆ?

ಇನ್ನು ಒಂದು ಫಲಕದ ವಿಚಾರ. ಬಸ್ ನಿಲ್ದಾಣದ ಗೋಡೆಯಲ್ಲಿ ಬಾಯಿ ಕ್ಯಾನ್ಸರಿನ ಲಕ್ಷಣಗಳನ್ನು ಚಿತ್ರಸಮೇತ ಬರೆದ ಫಲಕವೊಂದಿತ್ತು, ನಮ್ಮ ಸುತ್ತಿನಲ್ಲಿ ನಾನು ಕಂಡದ್ದು ಅದೊಂದೇ. ತಮ್ಮ ಅಭಿಮಾನಿಗಳು ತಮ್ಮ ಹುಟ್ಟುಹಬ್ಬದ ಫ್ಲೆಕ್ಸನ್ನು ಅದರ ಮೇಲೆಯೇ ಬಿಗಿದರು. ಹುಟ್ಟುಹಬ್ಬ ಮುಗಿಯಿತು, ಗೌರಿ–ಗಣೇಶ ಬಂತು, ದಸರಾ ಬಂತು. ಶುಭಾಶಯ ಬದಲಾಯಿತು, ಮುಖ ಬದಲಾಗಲಿಲ್ಲ. ತೆಗೆಸಿ ಎಂದು ಪಂಚಾಯಿತಿಗೆ ಹೋದರೆ, "ಸಾಹೇಬರ ಮುಖ ಇರುವುದನ್ನು ನಾವು ಮುಟ್ಟುವುದು ಹೇಗೆ?" ಎಂದರು. ತಮ್ಮ ಆಪ್ತ ಸಹಾಯಕರು, "ಇದೂ ಒಂದು ಸಮಸ್ಯೆಯೇನಪ್ಪಾ?" ಎಂದು ಕೇಳಿದರು. ಹೌದು ಸ್ವಾಮಿ, ಸಮಸ್ಯೆಯೇ. ಮೇ 31ರ ತಂಬಾಕು ವಿರೋಧಿ ದಿನದಂದು ಅದೇ ಫ್ಲೆಕ್ಸಿನ ಕೆಳಗೆ ಜಾಥಾ ಉದ್ಘಾಟನೆಯಾಯಿತು. ಅತಿಥಿಗಳಿಗೆ ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆಯೂ ಬಂತು.

ಜಾಥಾ ಬೇಡ, ಕಸದ ಗಾಡಿಯ ಮೈಕು ಕೊಡಿ. ಅದು ಕಾಲೋನಿಯ ಕೊನೆಯ ಮನೆಯವರೆಗೂ ಹೋಗುತ್ತದೆ. ಗದ್ದೆಗೆ ಹೊರಡುವ ಮೊದಲು ಹೆಂಗಸರ ಕಿವಿಗೆ ಬೀಳುತ್ತದೆ, ಓದು ಬಾರದವರಿಗೂ ಅರ್ಥವಾಗುತ್ತದೆ. 1935ರಲ್ಲಿ ಒಬ್ಬ ಮೇಷ್ಟ್ರು, ಗೋಪಾಲಸ್ವಾಮಿಯವರು, ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಿದರು. ಸರ್ಕಾರದ ಗಾಡಿ, ಸರ್ಕಾರದ ಮೈಕು ಇಟ್ಟುಕೊಂಡು ನಮ್ಮಿಂದ ಎರಡು ನಿಮಿಷ ಆಗದೇ? ಹೇಳಬೇಕಾದದ್ದೂ ಬಹಳವಿಲ್ಲ: ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ ಇದ್ದರೆ ತೋರಿಸಿಕೊಳ್ಳಿ. ತಂಬಾಕು ಬಿಡಬೇಕೆನ್ನುವವರಿಗೆ 1800-11-2356 ಸಂಖ್ಯೆಯ ಉಚಿತ ಸಹಾಯವಾಣಿ ಇದೆ.

ತೋರಿಸಿಕೊಳ್ಳಿ ಎಂದರೆ ನೋಡುವವರು ಬೇಕಲ್ಲ. 30 ವರ್ಷ ದಾಟಿದವರ ಬಾಯಿ ತಪಾಸಣೆ ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೇ ಹೇಳುತ್ತದೆ. ನಮ್ಮೂರಿನಲ್ಲಿ ಫಾರಂ ತುಂಬುತ್ತಾರೆ, ಬಾಯಿ ನೋಡುವುದಿಲ್ಲ. ಆಶಾ ಕಾರ್ಯಕರ್ತೆಯರನ್ನು ದೂರುತ್ತಿಲ್ಲ, ಟಾರ್ಚನ್ನೂ ತರಬೇತಿಯನ್ನೂ ಕೊಡದೆ ಅವರೇನು ಮಾಡಿಯಾರು? ಪಕ್ಕದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಜನರ ಬಾಯಿಯನ್ನು ಕಣ್ಣಾರೆ ನೋಡಿದರು, ಅಷ್ಟೇ. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ತಗ್ಗಿತು ಎಂಬ ವರದಿ 2005ರಲ್ಲೇ ಬಂದಿದೆ.

ಮತ್ತೊಮ್ಮೆ ಕೇಳುತ್ತೇನೆ: ಮೈಕಿನಲ್ಲಿ ಹೇಳಿಸಿ, ಆ ವಾರವೇ ಬಾಯಿ ನೋಡಿಸಿ. ಫ್ಲೆಕ್ಸ್ ತೆಗೆಸಲು ಮನಸ್ಸು ಬಾರದಿದ್ದರೆ ಇರಲಿ, ತಮ್ಮ ಭಾವಚಿತ್ರದ ಪಕ್ಕದಲ್ಲೇ ಆ ಮೂರು ಲಕ್ಷಣಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿ. ಹೇಗೂ ವರ್ಷವಿಡೀ ಅಲ್ಲೇ ಇರುತ್ತೀರಿ.

ಇಂತಿ ತಮ್ಮ ವಿಶ್ವಾಸಿ,
ಕ್ಷೇತ್ರದ ಒಬ್ಬ ಮತದಾರ