ನಿಂತರೆ ಡವಡವ, ಮಲಗಿದರೆ ನಾರ್ಮಲ್

ಮಾನ್ಯರೇ,

ಕೋವಿಡ್ ಬಂದು ಹೋದವರಲ್ಲಿ ಎದೆಬಡಿತ ಏರುಪೇರಾಗುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಮೊನ್ನೆ ಬಂದ ವರದಿ ಓದಿದೆ. ‘ಲಕ್ಷಣ ಕಂಡವರು ನಿರ್ಲಕ್ಷ್ಯ ಮಾಡದೆ ಆಸ್ಪತ್ರೆಗೆ ಬನ್ನಿ’ ಎಂದು ಅಧಿಕಾರಿಗಳು ಕರೆ ಕೊಟ್ಟಿದ್ದರಲ್ಲ, ಅದಕ್ಕೆ ಓಗೊಟ್ಟು ನಿನ್ನೆ ಹೋಗಿ ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಪಾಠ ಮಾಡುವವಳು. ಕೋವಿಡ್ ಆದ ಮೇಲೆ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಸಾಕು, ಎದೆ ಡವಡವ ಹೊಡೆದುಕೊಂಡು ಕಣ್ಣು ಕತ್ತಲೆ ಬರುತ್ತದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದರೆ ಕೂತಾಗ ನಿಮಿಷಕ್ಕೆ 78 ಇದ್ದ ಎದೆಬಡಿತ ನಿಂತಾಗ 124. ಇದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ನಿಲ್ಲುವುದೇ ಕಾಯಿಲೆಯಾದವರಿಗೆ ಅಲ್ಲಿ ಮೊದಲು ಸಿಗುವ ಉಪಚಾರ ಓಪಿಡಿ ಚೀಟಿಯ ಸರದಿ ಸಾಲು. ಕೂರೋಣವೆಂದರೆ ಬೆಂಚಿನ ಮೇಲೆಲ್ಲ ಫೈಲುಗಳು. ‘ಜಾಗ ಬಿಟ್ಟರೆ ನಂಬರ್ ಹೋಗುತ್ತೆ’ ಎಂದು ಸೆಕ್ಯೂರಿಟಿಯವನ ಗದರಿಕೆ ಬೇರೆ. ಬೆವರು ಸುರಿಸಿಕೊಂಡು, ಗೋಡೆ ಹಿಡಿದು ಒಳಗೆ ಹೋದರೆ ಮಲಗಿಸಿ ಇಸಿಜಿ ಮಾಡಿದರು. ಮಲಗಿದ ಮೇಲೆ ಎದೆ ಸುಮ್ಮನಾಗುತ್ತದೆ, ನನ್ನ ತೊಂದರೆಯೇ ಅದು! ಕಾಗದದ ಪಟ್ಟಿ ಹೊರಗೆ ಬಂತು. ‘ಎಲ್ಲಾ ನಾರ್ಮಲ್ ಇದೆಯಮ್ಮಾ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ’ ಎಂದರು. ನನ್ನ ಚೀಟಿಯನ್ನು ಯಾರೂ ಮುಟ್ಟಲೂ ಇಲ್ಲ. ಅದೇ ಸಾಲಿನಲ್ಲಿ ಹೊರಗೆ ನಿಂತಿದ್ದಾಗಲೇ ಇಸಿಜಿ ತೆಗೆದಿದ್ದರೆ ಎಲ್ಲವೂ ಕಾಣುತ್ತಿತ್ತು.

ಸಾಮಾನ್ಯ ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡಿನ ಬಡಿತವನ್ನು ಮಾತ್ರ. ಬಂದು ಹೋಗುವ ಏರುಪೇರು ಆ ಹೊತ್ತಿಗೇ ಸರಿಯಾಗಿ ಹಾಜರಿ ಹಾಕಬೇಕೆಂದರೆ ಹೇಗೆ? ಅದಕ್ಕೆಂದೇ 24 ಗಂಟೆ, 48 ಗಂಟೆ ಮೈಮೇಲೆ ಕಟ್ಟಿಕೊಂಡು ಬಡಿತ ದಾಖಲಿಸುವ ಹೋಲ್ಟರ್ ಎಂಬ ಪುಟ್ಟ ಮೆಷಿನ್ ಇದೆ. ಕೇಳಿದೆ. ‘ಮೆಷಿನ್ ಇದೆ, ಆಪರೇಟರ್ ಇಲ್ಲ’ ಎಂಬ ಉತ್ತರ ಬಂತು. ಹೋಗಲಿ, ನನ್ನಂಥವರಿಗೆ ಮೊದಲ ಪರೀಕ್ಷೆಗೆ ಆ ಮೆಷಿನ್ನೂ ಬೇಡ. ಮಲಗಿಸಿ ನಾಡಿ, ಬಿಪಿ ನೋಡಬೇಕು, ಎಬ್ಬಿಸಿ ನಿಲ್ಲಿಸಿ 10 ನಿಮಿಷ ನೋಡುತ್ತಿರಬೇಕು. ಬಿಪಿ ಬೀಳದೆ ಬಡಿತ ಮಾತ್ರ ದೊಡ್ಡವರಲ್ಲಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೇ ನಿಂತರೆ ‘ಪಾಟ್ಸ್’ ಎಂಬ ತೊಂದರೆಯನ್ನು ಶಂಕಿಸಬೇಕು. ತನ್ನಷ್ಟಕ್ಕೆ ಹೃದಯ, ರಕ್ತನಾಳಗಳನ್ನು ನಡೆಸುವ ನರಮಂಡಲ ಸೋಂಕಿನ ನಂತರ ಹಳಿ ತಪ್ಪುವುದರಿಂದ ಹೀಗಾಗುತ್ತದೆ. ಬೇಕಾದದ್ದು ಒಂದು ಗಡಿಯಾರ, ರೋಗಿಯ ಕಡೆ ನೋಡುವಷ್ಟು ಪುರಸೊತ್ತು. ಎರಡನೆಯದಕ್ಕೆ ಟೆಂಡರ್ ಕರೆಯಲಾಗುವುದಿಲ್ಲವೇನೋ.

ನನ್ನದಾದರೂ ಪ್ರಾಣಕ್ಕೆ ಬರುವಂಥದ್ದಲ್ಲ ಎನ್ನೋಣ. ನನ್ನ ಹಿಂದೆ ನಿಂತಿದ್ದ ಹಿರಿಯರು ಬಡಿತ ಲಯವೇ ಇಲ್ಲದೆ ಓಡುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ ಅಂದರು. ಅವರಿಗೆ ಗ್ಯಾಸ್ಟ್ರಿಕ್ ಮಾತ್ರೆ! ಅದು ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಆಗಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಹೌದೋ ಅಲ್ಲವೋ ಎಂದು ನೋಡುವ ಗೋಜಿಗಾದರೂ ಹೋಗಬೇಡವೇ?

ಇದೇನು ನಿನ್ನೆ ಮೊನ್ನೆ ಗೊತ್ತಾದ ವಿಷಯವಲ್ಲ. 2020ರ ಫೆಬ್ರುವರಿಯಲ್ಲೇ ವುಹಾನ್‌ನ ವೈದ್ಯರು 138 ಕೋವಿಡ್ ರೋಗಿಗಳ ಬಗ್ಗೆ ಬರೆದಿದ್ದರು. ಐಸಿಯು ಸೇರಿದವರಲ್ಲಿ ಶೇ 44 ಮಂದಿಗೆ ಬಡಿತದ ಲಯ ತಪ್ಪಿತ್ತು. ಆಗ ನಮ್ಮ ಸಾಹೇಬರುಗಳು ಏನು ಮಾಡುತ್ತಿದ್ದರು? ಬಾಗಿಲಲ್ಲಿ ನಿಂತು ಹಣೆಗೆ ಜ್ವರ ನೋಡುವ ಗನ್ ಹಿಡಿಯುತ್ತಿದ್ದರು. ಕಂಡಕಂಡವರೆಲ್ಲ ಮಲೇರಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನುಂಗಿದರು. ಅದರ ಜೊತೆ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಸೇರಿದರೆ ಹೃದಯದ ಲಯಕ್ಕೇ ಅಪಾಯ ಎಂಬ ಎಚ್ಚರಿಕೆ ಬಂದ ಮೇಲೂ ಎಷ್ಟು ಮನೆಗಳಲ್ಲಿ ಆ ಸ್ಟ್ರಿಪ್‌ಗಳಿದ್ದವು! ಬೆಡ್ ಖಾಲಿ ಇಲ್ಲ ಎಂದು ಫೋನ್ ಇಟ್ಟವರೇ ಸಂಜೆ ‘ಗುಣಮುಖರಾದವರು ಇಷ್ಟು’ ಎಂದು ಪಟ್ಟಿ ಓದುತ್ತಿದ್ದರು. ಆ ಗುಣಮುಖರಲ್ಲಿ ನಾನೂ ಒಬ್ಬಳು, ಅದಾದ ಮೇಲೆ ಹೇಗಿದ್ದೀರಿ ಎಂದು ಒಬ್ಬ ನರಪಿಳ್ಳೆಯೂ ಕೇಳಿಲ್ಲ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಎಂದದ್ದನ್ನು ಕಾಯಿಲೆಯೇ ಮುಗಿಯಿತು ಎಂದುಕೊಂಡು ಫೈಲು ಕಟ್ಟಿಟ್ಟಿರಬೇಕು. ಕಟ್ಟಿಟ್ಟ ಆ ಫೈಲುಗಳೇ ಈಗ ಬೆಂಚಿನ ಮೇಲೆ ಕೂತಿರುವುದೋ ಏನೋ.

ಮೇಲಧಿಕಾರಿಗಳು ಒಂದು ದಿನ ಆ ಸಾಲಿನಲ್ಲಿ ಬಂದು ನಿಲ್ಲಲಿ. ಹೋಲ್ಟರ್‌ಗೆ ಆಪರೇಟರ್ ಕೊಡಲಿ, ಬೆಂಚು ಖಾಲಿ ಮಾಡಿಸಲಿ, ಕೋವಿಡ್ ನಂತರದ ತೊಂದರೆಗೆ ವಾರಕ್ಕೊಂದು ದಿನವಾದರೂ ಪ್ರತ್ಯೇಕ ತಪಾಸಣೆ ಇಡಲಿ. ಇದ್ಯಾವುದೂ ಆಗದಿದ್ದರೆ ಪತ್ರಿಕೆಯಲ್ಲಿ ‘ಆಸ್ಪತ್ರೆಗೆ ಬನ್ನಿ’ ಎಂದು ಕರೆ ಕೊಡುವುದನ್ನಾದರೂ ನಿಲ್ಲಿಸಲಿ. ಟೆನ್ಷನ್ ಅಂತೆ ಟೆನ್ಷನ್! ಕೊಡುವವರು ಯಾರು ಸ್ವಾಮಿ?

— ನೊಂದ ಶಿಕ್ಷಕಿ