ರಾಸಾಯನಿಕ ಕಾರ್ಖಾನೆಗಳ ಕಾರ್ಮಿಕರ ತರಬೇತಿ ಕುರಿತು ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಕಾರ್ಖಾನೆಗಳಲ್ಲಿ ಸುರಕ್ಷತಾ ತರಬೇತಿ ನೀಡುವುದು ನನ್ನ ವೃತ್ತಿ. ಪ್ರತಿ ತರಗತಿಯನ್ನೂ ನಾನು ಒಂದೇ ಪ್ರಶ್ನೆಯಿಂದ ಆರಂಭಿಸುತ್ತೇನೆ: ಈಗ ಇಲ್ಲಿ ಅಮೋನಿಯಾ ಸೋರಿದರೆ ಯಾವ ಕಡೆಗೆ ಓಡುತ್ತೀರಿ? ಗಾಳಿ ಬೀಸುವ ದಿಕ್ಕು ನೋಡಿಕೊಂಡು ಅದಕ್ಕೆ ಅಡ್ಡಲಾಗಿ ಸರಿಯಬೇಕೆಂದು ಕಾಯಂ ನೌಕರರಲ್ಲಿ ಕೆಲವರಾದರೂ ಹೇಳುತ್ತಾರೆ. ಗುತ್ತಿಗೆ ಕಾರ್ಮಿಕರಲ್ಲಿ ಬಹುತೇಕರು ಗೇಟಿನತ್ತ ಕೈ ತೋರಿಸುತ್ತಾರೆ, ಗೇಟು ಗಾಳಿಯ ಹಾದಿಯಲ್ಲೇ ಇದ್ದರೂ. ಟ್ಯಾಂಕರಿನಿಂದ ರಾಸಾಯನಿಕ ಇಳಿಸುವವರು, ಪೈಪು ತೊಳೆಯುವವರು, ರಾತ್ರಿ ಪಾಳಿಯಲ್ಲಿ ವಾಲ್ವಿನ ಪಕ್ಕ ನಿಲ್ಲುವವರು ಹೆಚ್ಚಾಗಿ ಇವರೇ ಆದ್ದರಿಂದ ಈ ಪತ್ರ ಬರೆಯಬೇಕಾಯಿತು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಹರಡಿದಾಗ, ಮುಖಕ್ಕೆ ಒದ್ದೆ ಬಟ್ಟೆ ಹಿಡಿದರೆ ಸ್ವಲ್ಪ ರಕ್ಷಣೆ ಸಿಗುತ್ತದೆಂಬ ಸರಳ ಸಂಗತಿಯೂ ಸುತ್ತಲಿನ ಜನರಿಗೆ ತಿಳಿದಿರಲಿಲ್ಲ. ಆ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1989ರಲ್ಲಿ ರೂಪುಗೊಂಡ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, ಕಾರ್ಖಾನೆಯೊಳಗೆ ದುಡಿಯುವವರಿಗೆ ಮಾಹಿತಿ, ತರಬೇತಿ ಮತ್ತು ಪ್ರತಿವಿಷವೂ ಸೇರಿದಂತೆ ಅಗತ್ಯ ಸಲಕರಣೆ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತವೆ. ನಿಗದಿತ ಪ್ರಮಾಣ ಮೀರಿ ರಾಸಾಯನಿಕ ಇರಿಸಿಕೊಳ್ಳುವ ಕಾರ್ಖಾನೆ ತುರ್ತು ಯೋಜನೆ ಸಿದ್ಧಪಡಿಸಿ, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು. ದೊಡ್ಡ ಅಪಘಾತವಾದರೆ 48 ಗಂಟೆಯೊಳಗೆ ಸಂಬಂಧಿತ ಪ್ರಾಧಿಕಾರಕ್ಕೆ ತಿಳಿಸಬೇಕು. ಅಪಾಯಕ್ಕೆ ಸಿಲುಕಬಹುದಾದ ನೆರೆಹೊರೆಯವರಿಗೂ ಮುಂಚಿತವಾಗಿ ಮಾಹಿತಿ ಕೊಡಬೇಕು.

ನಿಯಮ ಇಷ್ಟು ಸ್ಪಷ್ಟವಾಗಿದ್ದರೂ ನಾನು ಕಂಡ ಹಲವು ಅಣಕು ಕಾರ್ಯಾಚರಣೆಗಳು ಹಗಲಿನಲ್ಲಿ, ಮೊದಲೇ ಸಮಯ ತಿಳಿಸಿ, ಕಾಯಂ ಸಿಬ್ಬಂದಿಯನ್ನಷ್ಟೇ ಸೇರಿಸಿಕೊಂಡು ಮುಗಿದಿವೆ. ಒಂದು ಕಡೆ ಗುತ್ತಿಗೆಯವರನ್ನು ಅಷ್ಟು ಹೊತ್ತು ಊಟದ ಕೋಣೆಯಲ್ಲಿ ಕೂರಿಸಿದ್ದರು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಸುರಕ್ಷತಾ ಮಾಹಿತಿ ಪತ್ರ ಇಂಗ್ಲಿಷಿನಲ್ಲಿದ್ದು, ಕಚೇರಿಯ ಬೀರುವಿನಲ್ಲಿ ಭದ್ರವಾಗಿರುತ್ತದೆ. ಸೈರನ್ ಒತ್ತಲು ಮೇಲ್ವಿಚಾರಕರ ಅನುಮತಿ ಬೇಕೆಂದೇ ಅನೇಕರು ನಂಬಿದ್ದಾರೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಕಾರ್ಖಾನೆಯಿಂದ ಸ್ಟೈರೀನ್ ಎಂಬ ವಿಷಕಾರಿ ರಾಸಾಯನಿಕದ ಆವಿ ಸೋರಿದಾಗ, ಸೈರನ್ ವ್ಯವಸ್ಥೆ ಇದ್ದರೂ ಅದನ್ನು ಯಾರೂ ಮೊಳಗಿಸಲಿಲ್ಲವೆಂದು ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯೇ ದಾಖಲಿಸಿದೆ. ನಿದ್ದೆಯಲ್ಲಿದ್ದ ಜನರಿಗೆ ಆ ಕೆಲವು ನಿಮಿಷಗಳ ಬೆಲೆ ಎಷ್ಟೆಂಬುದನ್ನು ತಮಗೆ ವಿವರಿಸಬೇಕಾಗಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇದು. ಗುತ್ತಿಗೆ ಕಾರ್ಮಿಕರು ಕೆಲಸಕ್ಕೆ ಇಳಿಯುವ ಮೊದಲೇ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಕೈಯಿಂದ ಮಾಡಿಸಿ ಕಲಿಸುವ ತರಬೇತಿಯನ್ನು ಕಡ್ಡಾಯವಾಗಿ ಜಾರಿಗೊಳಿಸಿ. ಸೋರಿಕೆ ಕಂಡವರು ಯಾರೇ ಆಗಲಿ ಸೈರನ್ ಮೊಳಗಿಸಬಹುದು, ಅದಕ್ಕಾಗಿ ಅವರಿಗೆ ಶಿಕ್ಷೆಯಾಗದು ಎಂದು ಲಿಖಿತ ಆದೇಶ ಹೊರಡಿಸಿ. 48 ಗಂಟೆಯೊಳಗೆ ಬರುವ ಅಪಘಾತದ ಮಾಹಿತಿಯನ್ನೂ ಅಣಕು ಕಾರ್ಯಾಚರಣೆಗಳ ವರದಿಯನ್ನೂ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲಿ ಪ್ರಕಟಿಸಿ. ರಾಸಾಯನಿಕ ಅಪಘಾತಗಳ ಕುರಿತ 1996ರ ನಿಯಮಗಳ ಪ್ರಕಾರ ರಚನೆಯಾಗಬೇಕಾದ ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಗುಂಪು ತಿಂಗಳಿಗೊಮ್ಮೆ ಸೇರುತ್ತಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಸಾಧ್ಯವಾದರೆ ಮುಂದಿನ ಅಣಕು ಕಾರ್ಯಾಚರಣೆಯೊಂದನ್ನು ಮುನ್ಸೂಚನೆಯಿಲ್ಲದೆ ರಾತ್ರಿ ಪಾಳಿಯಲ್ಲಿ ಏರ್ಪಡಿಸಿ, ತಾವೂ ಬನ್ನಿ. ಟ್ಯಾಂಕರಿನ ಬಳಿ ನಿಂತ ಕಾರ್ಮಿಕರನ್ನು ತಾವೇ ಕೇಳಿ, ಯಾವ ಕಡೆಗೆ ಓಡುತ್ತೀರೆಂದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸುರಕ್ಷತಾ ತರಬೇತುದಾರ